ಡಬ್ಬಿ ಮೇಲೆ 'ಅಲ್ಟ್ರಾಸಾನಿಕ್', ಒಳಗಿರೋದು ಬೇರೆ: ಕರೆಂಟ್ ಟೂತ್‌ಬ್ರಷ್ ಕೊಳ್ಳುವ ಮುನ್ನ 60ರಿಂದ ಭಾಗಿಸಿ ನೋಡಿ

ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪು, ಪೇಟೆ ಬೀದಿಯ ಫ್ಯಾನ್ಸಿ ಸ್ಟೋರು, ಕೊನೆಗೆ ಮೊಬೈಲ್ ಕವರ್ ಮಾರುವ ಅಂಗಡಿಯಲ್ಲೂ ಈಗ ಕರೆಂಟ್ ಟೂತ್‌ಬ್ರಷ್ ಸಿಗುತ್ತೆ. ಆನ್‌ಲೈನಿನಲ್ಲಂತೂ ಲೆಕ್ಕವೇ ಇಲ್ಲ. ಎಷ್ಟೋ ಡಬ್ಬಿಗಳ ಮೇಲೆ ದೊಡ್ಡಕ್ಷರದಲ್ಲಿ 'ಅಲ್ಟ್ರಾಸಾನಿಕ್' ಎಂದಿರುತ್ತೆ, ಅದರ ಕೆಳಗೆ 'ನಿಮಿಷಕ್ಕೆ 40,000 ಕಂಪನ'. ಪಕ್ಕದಲ್ಲಿ ಫಳಫಳ ಹೊಳೆಯುವ ಹಲ್ಲಿನ ಚಿತ್ರ.

ಕೌಂಟರಿನಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತೆ.

'ಅಣ್ಣ, ಇದು ಸ್ಕ್ಯಾನಿಂಗ್ ಮಷೀನ್ ಥರದ್ದಾ?'

'ಹೂಂ ಅಕ್ಕ, ಸೌಂಡಲ್ಲೇ ಕ್ಲೀನ್ ಆಗುತ್ತಂತೆ. ಉಜ್ಜೋದೇ ಬೇಡ್ವಂತೆ. ಬಾಕ್ಸಲ್ಲಿ ಹಂಗೇ ಹಾಕಿದಾರೆ ನೋಡಿ.'

ಕೇಳಿದವರದ್ದೂ ತಪ್ಪಲ್ಲ, ಹೇಳಿದವರದ್ದೂ ತಪ್ಪಲ್ಲ. ಡಬ್ಬಿಯಲ್ಲಿ ಇರೋದನ್ನೇ ಇಬ್ಬರೂ ಓದಿದ್ದಾರೆ. ಆದರೆ ಆಸ್ಪತ್ರೆಯ ಸ್ಕ್ಯಾನಿಂಗ್ ಮಷೀನಿಗೂ ಇಂಥ ಬಹುಪಾಲು ಬ್ರಷ್‌ಗಳಿಗೂ ಸಂಬಂಧವೇ ಇಲ್ಲ. ಅದನ್ನು ಪತ್ತೆ ಹಚ್ಚಲು ಲ್ಯಾಬ್ ಬೇಕಿಲ್ಲ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

12 ಲಕ್ಷದ ಗೆರೆ

ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20 ಕಂಪನದಿಂದ 20,000 ಕಂಪನದವರೆಗಿನ ಸದ್ದು. ಅದಕ್ಕಿಂತ ಮೇಲಿನದ್ದನ್ನು ಅಲ್ಟ್ರಾಸೌಂಡ್ ಅಂತಾರೆ, ಕನ್ನಡದಲ್ಲಿ ಶ್ರವಣಾತೀತ ಧ್ವನಿ. ಅಂದರೆ ಕಿವಿಗೆ ಕೇಳಿಸದ್ದು. ಕೀಟ ಹಿಡಿಯುವ ಬಾವಲಿ ಕೂಗುವುದು ಈ ಮಟ್ಟದಲ್ಲೇ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ಇನ್ನೂ ಬಹಳ ಮೇಲೆ, ಸೆಕೆಂಡಿಗೆ ಹತ್ತಾರು ಲಕ್ಷ ಕಂಪನ.

ಈಗ ಲೆಕ್ಕ ಹಾಕಿ. ಸೆಕೆಂಡಿಗೆ 20,000 ಅಂದರೆ ನಿಮಿಷಕ್ಕೆ 12 ಲಕ್ಷ. ಡಬ್ಬಿ ಮೇಲಿನ ಸಂಖ್ಯೆ 12 ಲಕ್ಷ ದಾಟಿದರೆ ಮಾತ್ರ ಅದು ಅಲ್ಟ್ರಾಸೌಂಡ್. 40,000ವನ್ನು 60ರಿಂದ ಭಾಗಿಸಿದರೆ ಬರುವುದು 666. ಸೆಕೆಂಡಿಗೆ 666. ಸೊಳ್ಳೆ ರೆಕ್ಕೆ ಬಡಿಯುವುದೂ ಸೆಕೆಂಡಿಗೆ ಕೆಲವು ನೂರು ಸಲ. 20,000ದ ಗೆರೆ ಮುಟ್ಟಬೇಕಾದರೆ ಇನ್ನೂ ಮೂವತ್ತು ಪಟ್ಟು ಬೇಕು.

ಎಷ್ಟೋ ಕಂಪನಿಗಳು ಬ್ರಷ್ ಆಚೆ ಹೋಗಿದ್ದನ್ನು ಒಂದು, ಈಚೆ ಬಂದಿದ್ದನ್ನು ಇನ್ನೊಂದು ಅಂತ ಎಣಿಸುತ್ತವೆ. ಅಮೆರಿಕದ ಸೋನಿಕೇರ್ ಬ್ರಷ್ ಹೆಸರಾದದ್ದು ನಿಮಿಷಕ್ಕೆ 31,000 ಬೀಸು ಎಂಬ ಲೆಕ್ಕದಿಂದ. ಹೋಗಿಬರುವುದನ್ನು ಒಂದೇ ಎಂದು ಎಣಿಸಿದರೆ ಅದು ಸೆಕೆಂಡಿಗೆ ಸುಮಾರು 260 ಕಂಪನ. ಹಾರ್ಮೋನಿಯಂನಲ್ಲಿ ಬಿಳಿ ಒಂದರ ಮಧ್ಯ ಷಡ್ಜ ಇದೆಯಲ್ಲ, ಅದೂ ಸೆಕೆಂಡಿಗೆ ಸುಮಾರು 261. ಬಾಯಲ್ಲಿ ಆ ಬ್ರಷ್ ಹಿಡಿದವರ ತಲೆಯೊಳಗೆ ಕೇಳುವ ಗುಂಯ್ ಸದ್ದು ಹೆಚ್ಚುಕಡಿಮೆ ಆ ಶ್ರುತಿಯೇ. ಇದು ಸೋನಿಕೇರ್‌ನ ದೋಷವೇನಲ್ಲ, ಆ ಕಂಪನಿ ಅದನ್ನು 'ಸಾನಿಕ್' ಎಂದೇ ಕರೆಯುತ್ತೆ. ಸಾನಿಕ್ ಅಂದರೆ ಕಿವಿಗೆ ಕೇಳುವ ಮಟ್ಟದ ಕಂಪನ. ತಂಟೆ ಇರೋದು ಅದೇ ಜಾತಿಯ, ಅದಕ್ಕಿಂತ ಅಗ್ಗದ ಮೋಟಾರಿಗೆ 'ಅಲ್ಟ್ರಾ' ಅಂತ ಮುಂದೆ ಅಂಟಿಸಿ ಮಾರುವ ಕಡೆ.

ನಿಜವಾದ ಅಲ್ಟ್ರಾಸೌಂಡ್ ಬ್ರಷ್‌ಗಳೂ ಇವೆ, ಇಲ್ಲವೆಂದಲ್ಲ. ಅವುಗಳ ಡಬ್ಬಿಯಲ್ಲಿ ಅಥವಾ ಒಳಗಿನ ಕೈಪಿಡಿಯಲ್ಲಿ 'ಮೆಗಾಹರ್ಟ್ಸ್' ಎಂಬ ಮಾತು ಸಿಗುತ್ತೆ. ಒಂದು ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ 10 ಲಕ್ಷ ಕಂಪನ. ಬರೀ 'ನಿಮಿಷಕ್ಕೆ ಇಷ್ಟು ಸಾವಿರ' ಅಂತ ಇದ್ದರೆ ಅದು ಸಾನಿಕ್ಕೇ.

ಬಚ್ಚಲ ಕಲ್ಲಿನ ಲೋಳೆ, ಹಲ್ಲಿನ ಲೋಳೆ

ಹೆಸರಿನ ಜಗಳ ಹಾಗಿರಲಿ. ಈ ಯಂತ್ರಗಳೆಲ್ಲ ತೆಗೆಯಲು ಹೊರಟಿರೋದು ಏನನ್ನು? ದಂತವೈದ್ಯರು ಪ್ಲೇಕ್ ಅಂತಾರೆ, ಜನ ಹಲ್ಲಿನ ಪಾಚಿ ಅಂತಾರೆ. ಜನರ ಹೆಸರೇ ಹೆಚ್ಚು ಸರಿ ಅನ್ನಿಸುತ್ತೆ.

ಬೆಳಿಗ್ಗೆ ಉಜ್ಜಿದ ಹಲ್ಲನ್ನು ಸಂಜೆ ನಾಲಿಗೆ ತುದಿಯಿಂದ ಮುಟ್ಟಿ ನೋಡಿದರೆ, ಒಸಡಿನ ಅಂಚಿನಲ್ಲಿ ಜಿಡ್ಡು ಜಿಡ್ಡಾಗಿ ಏನೋ ತಾಗುತ್ತೆ. ಅದು ಅನ್ನದ ಅಗುಳಲ್ಲ. ಉಜ್ಜಿದ ಕೆಲವೇ ನಿಮಿಷಕ್ಕೆ ಜೊಲ್ಲಿನಲ್ಲಿರುವ ಪ್ರೋಟೀನು ಹಲ್ಲಿನ ಮೇಲೆ ತೆಳು ಪೊರೆ ಕಟ್ಟುತ್ತೆ. ಆ ಪೊರೆಗೆ ಬ್ಯಾಕ್ಟೀರಿಯಾ ಬಂದು ಅಂಟುತ್ತವೆ, ಮರಿ ಹಾಕುತ್ತವೆ, ತಮ್ಮ ಸುತ್ತ ಅಂಟಿನಂಥ ವಸ್ತು ಸುರಿಸಿ ಗೂಡು ಕಟ್ಟುತ್ತವೆ. ನೀರಿನ ತೊಟ್ಟಿಯ ಒಳಗೋಡೆಗೆ, ಬಚ್ಚಲ ಕಲ್ಲಿಗೆ ಕಟ್ಟುವ ಲೋಳೆಯೂ ಇದೇ ಥರದ್ದು. ಬಚ್ಚಲಿಗೆ ಹತ್ತು ಬಿಂದಿಗೆ ನೀರು ಸುರಿದರೂ ಆ ಲೋಳೆ ಹೋಗಲ್ಲ, ತೆಂಗಿನ ನಾರು ಹಿಡಿದು ಉಜ್ಜಿದರೆ ಹೋಗುತ್ತೆ. ಹಲ್ಲಿನದ್ದೂ ಅಷ್ಟೇ. ಬಾಯಿ ಮುಕ್ಕಳಿಸಿದರೆ ಅನ್ನದ ತುಣುಕು ಹೋಗಬಹುದು, ಪಾಚಿ ಹೋಗಲ್ಲ.

ಈ ಪಾಚಿಗೆ ಸಕ್ಕರೆ ಸಿಕ್ಕಿದರೆ ಅದರೊಳಗಿನ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನ ಹೊರಪದರ ತಿನ್ನುತ್ತೆ, ಹುಳುಕು ಶುರುವಾಗುತ್ತೆ. ಒಸಡಿನ ಅಂಚಿನಲ್ಲಿ ಕೂತರೆ ಒಸಡು ಕೆಂಪಾಗಿ ಊದಿಕೊಳ್ಳುತ್ತೆ, ಉಜ್ಜುವಾಗ ರಕ್ತ ಬರುತ್ತೆ. ಹಾಗೇ ಬಿಟ್ಟರೆ ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿಕೊಂಡು ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತಲ್ಲ, ಹಾಗೆ. ಇದೇ ಟಾರ್ಟರ್, ಕನ್ನಡದಲ್ಲಿ ಕಿಟ್ಟ. ಕೆಳಗಿನ ಮುಂಬಲ್ಲುಗಳ ಒಳಭಾಗದಲ್ಲಿ ಇದು ಜಾಸ್ತಿ, ಜೊಲ್ಲು ಸುರಿಯುವ ನಾಳದ ಬಾಯಿ ಅಲ್ಲೇ ಇರೋದರಿಂದ. ಕನ್ನಡಿ ಮುಂದೆ ನಿಂತು ನಾಲಿಗೆ ಎತ್ತಿ ನೋಡಿದರೆ ಅನೇಕರಿಗೆ ಕಾಣುತ್ತೆ.

ಪಾಚಿ ಎಷ್ಟು ಬೇಗ ಕೆಲಸ ಕೆಡಿಸುತ್ತೆ ಅನ್ನೋದಕ್ಕೆ 1965ರ ಒಂದು ಪ್ರಯೋಗ ಇವತ್ತಿಗೂ ದಂತವೈದ್ಯಕೀಯ ಪಾಠದಲ್ಲಿದೆ. ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿ, ಒಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಿ ಅಂದರು. ಅವರಲ್ಲಿ ಬಹುಪಾಲು ದಂತವೈದ್ಯ ವಿದ್ಯಾರ್ಥಿಗಳೇ. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಆಗ ಅವರ ಕೈಯಲ್ಲಿದ್ದದ್ದು ಸಾಮಾನ್ಯ ಬ್ರಷ್ಷು.

ಗೋಡೆಯ ಪ್ಲಗ್ಗಿನಿಂದ ಅಲ್ಟ್ರಾಸೌಂಡ್‌ವರೆಗೆ

ಕರೆಂಟ್ ಬ್ರಷ್ ಹೊಸದೇನಲ್ಲ. 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫಿಲಿಪ್ ಗಿ ವೂಗ್ ಎಂಬ ವೈದ್ಯರು ಬ್ರಾಕ್ಸೋಡೆಂಟ್ ಎಂಬ ಬ್ರಷ್ ಮಾಡಿದರು. ಅದರ ವೈರನ್ನು ಗೋಡೆಯ ಪ್ಲಗ್ಗಿಗೇ ಸಿಕ್ಕಿಸಬೇಕಿತ್ತು. ಕೈ ಸರಿಯಾಗಿ ಆಡಿಸಲಾಗದವರು, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು, ಇವರಿಗೆಂದೇ ಮಾಡಿದ್ದು ಅದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಸಾನಿಕ್ ಮತ್ತು ಅಲ್ಟ್ರಾಸಾನಿಕ್ ಎರಡೂ ಮಾರುಕಟ್ಟೆಯ ಕಡೆ ಮುಖ ಮಾಡಿದ್ದು ಒಂದೇ ವರ್ಷ, 1992ರಲ್ಲಿ, ಎರಡೂ ಅಮೆರಿಕದಲ್ಲಿ. ಸಿಯಾಟಲ್ ಕಡೆಯ ಆಪ್ಟಿವಾ ಎಂಬ ಕಂಪನಿ ಸೋನಿಕೇರ್ ತಂದಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಎಂಗೆಲ್, ರಾಯ್ ಮಾರ್ಟಿನ್ ಇಬ್ಬರ ಆವಿಷ್ಕಾರ ಅದು. 2000ದಲ್ಲಿ ಆ ಕಂಪನಿಯನ್ನು ಫಿಲಿಪ್ಸ್ ಕೊಂಡುಕೊಂಡಿತು. ಅತ್ತ ನ್ಯೂಯಾರ್ಕ್ ರಾಜ್ಯದಲ್ಲಿ ರಾಬರ್ಟ್ ಬಾಕ್ ಎಂಬವರ ಅಲ್ಟಿಮಾ ಬ್ರಷ್ಷಿಗೆ ಪೇಟೆಂಟ್ ಸಿಕ್ಕಿತು. ಅದು ನಿಜವಾದ ಅಲ್ಟ್ರಾಸೌಂಡ್, ಸೆಕೆಂಡಿಗೆ 16 ಲಕ್ಷ ಕಂಪನ. ನಿಮಿಷದ ಲೆಕ್ಕದಲ್ಲಿ 9 ಕೋಟಿ 60 ಲಕ್ಷ. ಅಂಗಡಿ ಡಬ್ಬಿಯ 40,000 ಎಲ್ಲಿ, ಇದೆಲ್ಲಿ.

ಈ ಅಲ್ಟಿಮಾ ಕಥೆಯಲ್ಲಿ ಒಂದು ತಿರುವಿದೆ. ಮೊದಲು ಬಂದ ಬ್ರಷ್ಷು ಬರೀ ಅಲ್ಟ್ರಾಸೌಂಡಿನ ಮೇಲೇ ನಡೆಯುತ್ತಿತ್ತು. ಕೆಲವು ವರ್ಷಗಳಾದ ಮೇಲೆ, ಅಲ್ಟ್ರಾಸೋನೆಕ್ಸ್ ಅನ್ನೋ ಹೆಸರಲ್ಲಿ ಬಂದ ಮಾದರಿಗೆ ಒಂದು ಮೋಟಾರು ಸೇರಿಸಿ, ಸಾನಿಕ್ ಕಂಪನವನ್ನೂ ಕೊಟ್ಟರು. ಶಬ್ದ ಒಂದರಿಂದಲೇ ಎಲ್ಲ ಆಗೋದಾಗಿದ್ದರೆ ಆ ಮೋಟಾರು ಯಾಕೆ ಬೇಕಿತ್ತು?

ಕೆಲಸ ಮಾಡೋದು ಹೇಗೆ

ಸಾನಿಕ್ ಬ್ರಷ್ ಎರಡು ರೀತಿ ಕೆಲಸ ಮಾಡುತ್ತೆ. ಮೊದಲನೆಯದು ಎಳೆ ತಾಗಿ ಉಜ್ಜೋದು, ಕೈ ಬ್ರಷ್ಷಿನ ಹಾಗೇ, ಆದರೆ ಬಹಳ ವೇಗವಾಗಿ. ಎರಡನೆಯದು, ಆ ವೇಗಕ್ಕೆ ಬಾಯೊಳಗಿನ ಜೊಲ್ಲು, ಪೇಸ್ಟು, ನೀರು ಚಿಮ್ಮಿ ಎಳೆ ತಾಗದ ಜಾಗದ ಪಾಚಿಯನ್ನೂ ಅಲ್ಲಾಡಿಸುತ್ತೆ. ಪ್ರಯೋಗಾಲಯದಲ್ಲಿ ಎಳೆಯ ತುದಿಯಿಂದ ಎರಡು ಮೂರು ಮಿಲಿಮೀಟರ್ ದೂರದ ಬ್ಯಾಕ್ಟೀರಿಯಾ ಪದರವೂ ಸ್ವಲ್ಪ ಕಿತ್ತುಬಂದದ್ದನ್ನು ತೋರಿಸಿದ್ದಾರೆ. ಆದರೆ ಪ್ರಯೋಗಾಲಯದ ತಟ್ಟೆ ಬೇರೆ, ಮಂದ ಜೊಲ್ಲು, ನೊರೆ, ಓರೆಕೋರೆ ಹಲ್ಲು ಇರುವ ಬಾಯಿ ಬೇರೆ.

ಅಲ್ಟ್ರಾಸೌಂಡ್ ಬ್ರಷ್ಷಿನ ತಲೆಯೊಳಗೆ ಒಂದು ಪುಟ್ಟ ಹರಳಿನಂಥ ತುಣುಕಿರುತ್ತೆ, ಪೀಜೋ ಅಂತಾರೆ. ಕರೆಂಟು ಕೊಟ್ಟರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣಗೆ, ಲಕ್ಷಗಟ್ಟಲೆ ಸಲ ಉಬ್ಬಿ ಕುಗ್ಗುತ್ತೆ. ಆ ಅಲೆ ಬ್ರಷ್ಷಿನಿಂದ ದ್ರವಕ್ಕೆ, ದ್ರವದಿಂದ ಹಲ್ಲಿಗೆ ಸಾಗಬೇಕು. ಸಾಗಿದರೆ ದ್ರವದಲ್ಲಿರುವ ಸೂಕ್ಷ್ಮ ಗುಳ್ಳೆಗಳು ಅದುರಿ ಸುತ್ತ ಸಣ್ಣ ಸುಳಿ ಎಬ್ಬಿಸುತ್ತವೆ, ಬ್ಯಾಕ್ಟೀರಿಯಾ ಸರಪಳಿ ಸಡಿಲವಾಗುತ್ತೆ ಅನ್ನೋದು ಇದರ ಹಿಂದಿನ ವಾದ.

'ಸಾಗಿದರೆ' ಅನ್ನೋ ಮಾತಿನಲ್ಲೇ ತೊಡಕಿರೋದು. ಸ್ಕ್ಯಾನಿಂಗ್ ಮಾಡಿಸಿದವರಿಗೆ ಗೊತ್ತು, ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುತ್ತಾರೆ. ಮಷೀನಿಗೂ ಚರ್ಮಕ್ಕೂ ನಡುವೆ ಸ್ವಲ್ಪ ಗಾಳಿ ಇದ್ದರೂ ಅಲ್ಟ್ರಾಸೌಂಡ್ ಅಲ್ಲೇ ವಾಪಸು. ಬಾಯೊಳಗೂ ಅದೇ ಕಥೆ. ಅದಕ್ಕೇ ಜರ್ಮನಿಯ ಎಮ್ಮಿಡೆಂಟ್ ಎಂಬ ಅಲ್ಟ್ರಾಸೌಂಡ್ ಬ್ರಷ್ಷಿಗೆ ಸೂಕ್ಷ್ಮ ಗುಳ್ಳೆ ಏಳುವ ಅದರದ್ದೇ ಪೇಸ್ಟ್ ಬೇಕು. ಬ್ರಷ್ಷನ್ನು ಉಜ್ಜದೆ, ಹಲ್ಲಿಗೆ ತಾಗಿಸಿ ಕೆಲವು ಸೆಕೆಂಡು ಸುಮ್ಮನೆ ಹಿಡಿದು, ಆಮೇಲೆ ಮುಂದಿನ ಹಲ್ಲಿಗೆ ಸರಿಸಬೇಕು. ಅದೂ ಅಲ್ಲದೆ, ಒಸಡು ಮೆದು ಮಾಂಸ. ಮನೆಬಳಕೆಯ ಬ್ರಷ್ಷಿನಲ್ಲಿ ಶಕ್ತಿಯನ್ನು ಒಂದು ಮಿತಿಯಲ್ಲೇ ಇಡಬೇಕಾಗುತ್ತೆ.

ಈ ಗುಳ್ಳೆ ವಾದ ಕೋರ್ಟಿಗೂ ಹೋಗಿತ್ತು. 2007ರಲ್ಲಿ ಅಮೆರಿಕದಲ್ಲಿ ಅಲ್ಟ್ರಿಯೋ ಎಂಬ ಬ್ರಷ್ ಬಂತು, ಸಾನಿಕ್ ಕಂಪನದ ಜೊತೆಗೆ ಅಲ್ಟ್ರಾಸೌಂಡ್ ಸೇರಿಸಿದ್ದು. ಓರಲ್ ಬಿ ಬ್ರಷ್ಷಿನ ಒಡೆಯ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಅದರ ಜಾಹೀರಾತಿನ ವಿರುದ್ಧ ನ್ಯೂಯಾರ್ಕ್‌ನಲ್ಲಿ ದಾವೆ ಹೂಡಿತು. ಅಲ್ಟ್ರಾಸೌಂಡ್ ಗುಳ್ಳೆಗಳು ಪಾಚಿ ತೆಗೆಯುತ್ತವೆ ಅನ್ನೋದಕ್ಕೆ ಮನುಷ್ಯರ ಬಾಯಲ್ಲಿ ಪರೀಕ್ಷಿಸಿದ ಪುರಾವೆ ಇಲ್ಲ ಅನ್ನೋದು ಅದರ ತಕರಾರು. ಜಾಹೀರಾತನ್ನು ತಕ್ಷಣ ತಡೆಯಬೇಕೆಂಬ ಮನವಿಯನ್ನು 2008ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ತಕರಾರು ಎತ್ತಿದವರೂ ಬ್ರಷ್ ಮಾರುವವರೇ ಅನ್ನೋದನ್ನು ಮರೆಯುವಂತಿಲ್ಲ. ಆದರೂ ಅವರು ಎತ್ತಿದ ಪ್ರಶ್ನೆ ಗ್ರಾಹಕರೂ ಕೇಳಬೇಕಾದದ್ದೇ: ಇದು ತಟ್ಟೆಯಲ್ಲಿ ನಡೆದದ್ದಾ, ಬಾಯಲ್ಲಿ ನಡೆದದ್ದಾ?

ಹಾಗಾದರೆ ಕರೆಂಟ್ ಬ್ರಷ್ ದಂಡವೇ?

ಅಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2014ರಲ್ಲಿ ಕೈ ಬ್ರಷ್ ಮತ್ತು ಕರೆಂಟ್ ಬ್ರಷ್‌ಗಳನ್ನು ಹೋಲಿಸಿ ವರದಿ ಕೊಟ್ಟಿತು. 56 ಪ್ರಯೋಗಗಳನ್ನು ಪರಿಶೀಲಿಸಿದ ವರದಿ ಅದು. ಒಂದರಿಂದ ಮೂರು ತಿಂಗಳ ಬಳಕೆಯಲ್ಲಿ ಕರೆಂಟ್ ಬ್ರಷ್ಷಿನವರ ಪಾಚಿ, ಕೈ ಬ್ರಷ್ಷಿನವರಿಗಿಂತ 11 ಶೇಕಡಾ ಕಡಿಮೆ. ಮೂರು ತಿಂಗಳು ದಾಟಿದ ಮೇಲೆ 21 ಶೇಕಡಾ ಕಡಿಮೆ. ಒಸಡಿನ ಊತ 6 ಮತ್ತು 11 ಶೇಕಡಾ ಕಡಿಮೆ.

ಲಾಭ ಇದೆ, ಆದರೆ ಜಾಹೀರಾತಿನಲ್ಲಿ ಹೇಳುವಷ್ಟಲ್ಲ. ಇನ್ನೊಂದು ಮಾತು, ಆ ಪುರಾವೆಯಲ್ಲಿ ಸಿಂಹಪಾಲು ದುಂಡು ತಲೆಯ, ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗುವ ಬ್ರಷ್‌ಗಳದ್ದು. ಅಲ್ಟ್ರಾಸೌಂಡ್ ಬ್ರಷ್‌ಗಳ ಮೇಲೆ ನಡೆದ ಪ್ರಯೋಗಗಳು ಕೆಲವೇ ಕೆಲವು. ಎಲ್ಲಕ್ಕಿಂತ ದೊಡ್ಡ ಹೆಸರು ಹೊತ್ತದ್ದಕ್ಕೇ ಎಲ್ಲಕ್ಕಿಂತ ಕಡಿಮೆ ಪುರಾವೆ.

ಯಾರಿಗೆ ನಿಜಕ್ಕೂ ಉಪಯೋಗ ಅಂದರೆ, ವೂಗ್ ಅವರು 1954ರಲ್ಲಿ ಯಾರಿಗೆ ಮಾಡಿದ್ದರೋ ಅವರಿಗೇ. ಲಕ್ವ ಹೊಡೆದು ಕೈ ಸ್ವಾಧೀನ ತಪ್ಪಿದವರು, ಸಂಧಿವಾತದಿಂದ ಬೆರಳು ಮಡಚಲಾಗದ ಅಜ್ಜ ಅಜ್ಜಿಯರು, ಕೈ ನಡುಗುವವರು, ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳು. ಹಾಸಿಗೆ ಹಿಡಿದವರ ಬಾಯಿ ಮನೆಯವರೇ ಶುಚಿ ಮಾಡಬೇಕಾದಾಗಲೂ ಇದರಿಂದ ಕೆಲಸ ಹಗುರ. ಗಸಗಸ ಅಂತ ಅರ್ಧ ನಿಮಿಷಕ್ಕೆ ಮುಗಿಸಿ ಎದ್ದು ಹೋಗುವವರಿಗೂ ಒಂದು ಅನುಕೂಲ ಇದೆ: ಹೆಚ್ಚಿನ ಒಳ್ಳೆ ಬ್ರಷ್‌ಗಳು ಎರಡು ನಿಮಿಷ ಓಡಿ ತಾವೇ ನಿಲ್ಲುತ್ತವೆ, ಕೆಲವು 30 ಸೆಕೆಂಡಿಗೊಮ್ಮೆ ತಡವರಿಸಿ 'ಜಾಗ ಬದಲಿಸು' ಅಂತ ಸೂಚನೆ ಕೊಡುತ್ತವೆ. ಎಷ್ಟೋ ಮನೆಗಳಲ್ಲಿ ಕಂಪನಕ್ಕಿಂತ ಈ ಟೈಮರಿನಿಂದಲೇ ಹೆಚ್ಚು ಲಾಭ ಆದೀತು.

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಯಾವುದೇ ಚಾರ್ಜಿಂಗ್ ಬ್ರಷ್ ಕೊಳ್ಳುವ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಇತ್ತೀಚೆಗೆ ಒಸಡಿನ ಆಪರೇಷನ್ ಆದವರೂ ಅಷ್ಟೇ.

ಹೆಸರು ಒಂದೇ, ಕೆಲಸ ಬೇರೆ

ಗೊಂದಲಕ್ಕೆ ಇನ್ನೊಂದು ಕಾರಣ ದಂತವೈದ್ಯರ ಕ್ಲಿನಿಕ್ಕಿನಲ್ಲೇ ಇದೆ. ಹಲ್ಲು ಕ್ಲೀನಿಂಗ್ ಮಾಡುವ ಮಷೀನಿಗೂ ಅಲ್ಟ್ರಾಸಾನಿಕ್ ಸ್ಕೇಲರ್ ಎಂದೇ ಹೆಸರು. ಅದು ನಿಜವಾದ ಅಲ್ಟ್ರಾಸೌಂಡ್, ಸೆಕೆಂಡಿಗೆ ಸುಮಾರು 25,000ದಿಂದ 45,000 ಕಂಪನ. ಅದರ ತುದಿ ಲೋಹದ್ದು, ಜೊತೆಗೆ ನೀರು ಚಿಮ್ಮುತ್ತಿರುತ್ತೆ. ಗಟ್ಟಿ ಕಟ್ಟಿದ ಕಿಟ್ಟವನ್ನು ಆ ಲೋಹದ ತುದಿ ಬಡಿದು ಒಡೆಯುತ್ತೆ, ಡಾಕ್ಟರ ಕಣ್ಣು, ಕೈ ಎರಡೂ ಅದರ ಮೇಲಿರುತ್ತೆ. ಮನೆಯ ಬ್ರಷ್ಷಿನ ನೈಲಾನ್ ಎಳೆಯಿಂದ, ಅದು ಸಾನಿಕ್ ಇರಲಿ ಅಲ್ಟ್ರಾಸಾನಿಕ್ ಇರಲಿ, ಕಿಟ್ಟ ಒಡೆಯಲ್ಲ. ಬ್ರಷ್ಷಿನ ಕೆಲಸ ಮೆತ್ತಗಿರುವ ಪಾಚಿಯನ್ನು ಗಟ್ಟಿಯಾಗುವ ಮೊದಲೇ ತೆಗೆಯೋದು. 'ಕಿಟ್ಟ ಮನೆಯಲ್ಲೇ ತೆಗೆಯಿರಿ' ಅಂತ ಬ್ರಷ್ ಡಬ್ಬಿ ಮೇಲಿದ್ದರೆ ಆ ಡಬ್ಬಿ ಅಲ್ಲೇ ಇಡಿ. ಲೋಹದ ತುದಿಯ ಪುಟ್ಟ ಸ್ಕೇಲರ್‌ಗಳನ್ನೂ ಮನೆಬಳಕೆಗೆ ಅಂತ ಆನ್‌ಲೈನಿನಲ್ಲಿ ಮಾರುತ್ತಾರೆ. ಕನ್ನಡಿ ನೋಡಿಕೊಂಡು ಒಸಡಿನೊಳಗೆ ಅದನ್ನು ಆಡಿಸೋದು ಅಪಾಯದ ಕೆಲಸ.

'ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ' ಅನ್ನೋ ಮಾತು ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಇದು ಎಲ್ಲಿಂದ ಹುಟ್ಟಿತು ಅನ್ನೋದನ್ನು ಅರ್ಥ ಮಾಡಿಕೊಳ್ಳಬಹುದು. ವರ್ಷಗಟ್ಟಲೆ ಕಟ್ಟಿದ ಕಿಟ್ಟ ಹಲ್ಲು ಹಲ್ಲುಗಳ ನಡುವೆ ಸಿಮೆಂಟು ಹಾಕಿದಂತೆ ನಿಂತಿರುತ್ತೆ. ಅದರ ಕೆಳಗೆ ಒಸಡು, ಮೂಳೆ ಎರಡೂ ಆಗಲೇ ಸವೆದಿರುತ್ತೆ. ಕಿಟ್ಟ ತೆಗೆದ ಮೇಲೆ ಸಂದು ಕಾಣುತ್ತೆ, ಹಲ್ಲು ಅಲ್ಲಾಡುತ್ತೆ, ತಣ್ಣೀರು ಕುಡಿದರೆ ಜುಂ ಅನ್ನುತ್ತೆ. ಸಡಿಲ ಮಾಡಿದ್ದು ಮಷೀನಲ್ಲ, ಅದಕ್ಕೆ ಮೊದಲು ಕೂತಿದ್ದ ಕಿಟ್ಟ. ಕ್ಲೀನಿಂಗಿಗೆ ಹೆದರಿ, ಬದಲಿಗೆ ಸಾವಿರಾರು ರೂಪಾಯಿಯ 'ಅಲ್ಟ್ರಾಸಾನಿಕ್' ಬ್ರಷ್ ತಂದವರಿಗೆ ದುಡ್ಡೂ ಹೋಗುತ್ತೆ, ಕಿಟ್ಟವೂ ಉಳಿಯುತ್ತೆ, ಒಳಗೆ ಮೂಳೆ ಸವೆಯುತ್ತಲೇ ಇರುತ್ತೆ. ಸವೆದ ಮೂಳೆ ತಾನಾಗಿ ಮತ್ತೆ ಬೆಳೆಯಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಇದು ಇನ್ನೂ ಮುಖ್ಯ. ಶುಗರ್ ಜಾಸ್ತಿ ಇದ್ದರೆ ಒಸಡಿನ ಕಾಯಿಲೆ ಬೇಗ ಬಲಿಯುತ್ತೆ, ಒಸಡಿನ ಕಾಯಿಲೆ ಇದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಉಜ್ಜುವಾಗ ರಕ್ತ ಬಂತು ಅಂತ ಆ ಜಾಗವನ್ನೇ ಬಿಟ್ಟು ಉಜ್ಜುವವರು ಬಹಳ. ಆಗ ಅಲ್ಲೇ ಪಾಚಿ ಹೆಚ್ಚಾಗುತ್ತೆ, ರಕ್ತ ಇನ್ನೂ ಜಾಸ್ತಿ ಬರುತ್ತೆ. ಮೆದು ಎಳೆಯ ಬ್ರಷ್ಷಿನಿಂದ ಆ ಜಾಗವನ್ನು ನಿಧಾನವಾಗಿ ಉಜ್ಜಬೇಕು. ಒಂದೆರಡು ವಾರವಾದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಬೇಕು.

ಹೊಳಪಿನ ಆಸೆಗೆ ಬ್ರಷ್ ಕೊಳ್ಳುವವರಿಗೂ ಒಂದು ಮಾತು. ಎಲೆಅಡಿಕೆ, ಗುಟ್ಕಾ, ಬೀಡಿಯ ಕರೆ ಹಳೆಯದಾದರೆ ಬ್ರಷ್ಷಿಗೆ ಜಗ್ಗಲ್ಲ, ಸ್ಕೇಲಿಂಗ್, ಪಾಲಿಶ್ ಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು, ಕೊಪ್ಪಳದ ಕಡೆ ಹಲವು ಊರುಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತೆ. ಅದು ಹಲ್ಲು ಹುಟ್ಟುವ ಮೊದಲೇ, ಹಲ್ಲಿನ ಪದರದೊಳಗೇ ಆದ ಕಲೆ. ಯಾವ ಕಂಪನಕ್ಕೂ ಅದು ಹೋಗಲ್ಲ. ಮಕ್ಕಳ ಹಲ್ಲು ಹಾಗಿದ್ದರೆ ಉಜ್ಜಿಲ್ಲ ಅಂತ ಬೈಯೋದು ಬೇಡ, ಕುಡಿಯುವ ನೀರನ್ನು ಪರೀಕ್ಷೆ ಮಾಡಿಸೋದು ಮೇಲು.

ಕೊಂಡಾಯಿತು, ಬಳಸೋದು ಹೇಗೆ

ಕರೆಂಟ್ ಬ್ರಷ್ ಕೊಂಡವರು ಮಾಡುವ ದೊಡ್ಡ ತಪ್ಪು, ಅದನ್ನು ಹಿಡಿದು ಕೈ ಬ್ರಷ್ಷಿನಂತೆ ಗಸಗಸ ತಿಕ್ಕೋದು. ಅದು ತಾನೇ ಅದುರುತ್ತಿರುತ್ತೆ, ಮೇಲಿಂದ ಬಲ ಹಾಕಿದರೆ ಒಸಡು ಸವೆದು ಹಲ್ಲಿನ ಬೇರು ಕಾಣತೊಡಗುತ್ತೆ. ಎಳೆಯ ತುದಿ ಹಲ್ಲೂ ಒಸಡೂ ಸೇರುವ ಗೆರೆಯ ಕಡೆ ಓರೆಯಾಗಿರಲಿ. ಒಂದೊಂದು ಹಲ್ಲಿನ ಮೇಲೂ ಎರಡು ಮೂರು ಸೆಕೆಂಡು ನಿಲ್ಲಿಸಿ, ಮುಂದಕ್ಕೆ ಸರಿಸಿ. ಬಾಯಿಯನ್ನು ಮೇಲೆ ಬಲ, ಮೇಲೆ ಎಡ, ಕೆಳಗೆ ಬಲ, ಕೆಳಗೆ ಎಡ ಅಂತ ನಾಲ್ಕು ಭಾಗ ಮಾಡಿಕೊಂಡರೆ ಒಂದೊಂದಕ್ಕೆ 30 ಸೆಕೆಂಡು. ಒಳಭಾಗ ಮರೆಯಬೇಡಿ, ಕಿಟ್ಟ ಕೂರೋದು ಅಲ್ಲೇ. ರಾತ್ರಿ ಮಲಗುವ ಮುಂಚಿನ ಉಜ್ಜುವಿಕೆ ಬೆಳಗಿನದಕ್ಕಿಂತ ಮುಖ್ಯ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಇವನ್ನು ಈ ಬ್ರಷ್ಷಿಗೆ ಹಾಕಲೇಬಾರದು, ಉಜ್ಜುಕಾಗದದಿಂದ ತಿಕ್ಕಿದ ಹಾಗಾಗುತ್ತೆ. ಫ್ಲೋರೈಡ್ ಇರುವ ಸಾಮಾನ್ಯ ಪೇಸ್ಟ್ ಸಾಕು.

ಹಲ್ಲು ಹಲ್ಲುಗಳ ಸಂದಿಗೆ ಯಾವ ಬ್ರಷ್ಷೂ ಪೂರ್ತಿ ಇಳಿಯಲ್ಲ. ಅದಕ್ಕೆ ಫ್ಲಾಸ್ ದಾರ, ಸಂದು ಅಗಲ ಇದ್ದವರಿಗೆ ಚಿಕ್ಕ ಸಂದಿ ಬ್ರಷ್ಷು ಬೇಕು. ಕಡ್ಡಿ, ಪಿನ್ನು ಹಾಕಿ ಕೆದಕಿದರೆ ಒಸಡಿಗೆ ಗಾಯ.

ಕೈ ಬ್ರಷ್ಷಿನವರಿಗೂ ವಿಧಾನ ಹೆಚ್ಚುಕಡಿಮೆ ಇದೇ. ಓರೆ ಹಿಡಿದು, ಸಣ್ಣ ಸಣ್ಣದಾಗಿ ಅಲ್ಲಾಡಿಸಿ, ಎರಡು ನಿಮಿಷ. ಮೆದು ಎಳೆಯ ಬ್ರಷ್ಷನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ, ಹೀಗೆ ಉಜ್ಜುವವರು ಕರೆಂಟ್ ಬ್ರಷ್ ಇಲ್ಲ ಅಂತ ಕೊರಗಬೇಕಿಲ್ಲ.

ಅಂಗಡಿಯವರು ಗಮನಿಸಬೇಕಾದ್ದು

ಗ್ರಾಹಕರು ಕೇಳದೇ ಇರುವ, ಆದರೆ ಆರು ತಿಂಗಳ ಮೇಲೆ ವಾಪಸು ಬಂದು ಜಗಳ ತೆಗೆಯುವ ವಿಷಯ ಒಂದಿದೆ: ಬದಲಿ ತಲೆ. ಕರೆಂಟ್ ಬ್ರಷ್ಷಿನ ತಲೆಯನ್ನೂ ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಒಂದು ಕಂಪನಿಯ ತಲೆ ಇನ್ನೊಂದಕ್ಕೆ ಕೂರೋದು ಅಪರೂಪ. ಹೆಸರು ಗೊತ್ತಿಲ್ಲದ ಕಂಪನಿಯ ಬ್ರಷ್ ಅಗ್ಗಕ್ಕೆ ಸಿಕ್ಕಿ, ಅದರ ತಲೆ ಎಲ್ಲೂ ಸಿಗದಿದ್ದರೆ ಮೋಟಾರು ಚೆನ್ನಾಗಿದ್ದರೂ ಬ್ರಷ್ ಮೂಲೆಗೆ. ಸ್ಟಾಕ್ ತರಿಸುವಾಗಲೇ ತಲೆಯನ್ನೂ ತರಿಸಿ, ವರ್ಷಕ್ಕೆ ನಾಲ್ಕು ತಲೆಗೆ ಎಷ್ಟಾಗುತ್ತೆ ಅಂತ ಗ್ರಾಹಕರಿಗೆ ಮೊದಲೇ ಹೇಳಿಬಿಡಿ. ಸೆಲ್ ಹಾಕುವ ಬ್ರಷ್ಷಾದರೆ ಸೆಲ್ ಖರ್ಚನ್ನೂ ಸೇರಿಸಿ.

ಹೊರದೇಶದ ಮಾಲಾದರೆ ಡಬ್ಬಿ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಯಾವ ದೇಶದ್ದು, ಎಂಆರ್‌ಪಿ, ತಿಂಗಳು ವರ್ಷ, ದೂರು ಹೇಳಲು ಸಂಪರ್ಕ ಇರಲೇಬೇಕು. 2011ರ ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮ ಇದನ್ನು ಹೇಳುತ್ತೆ. ಇದು ಬರೀ ಇನ್‌ಸ್ಪೆಕ್ಟರ್ ಭಯದ ಮಾತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಮಾಲಿನಿಂದ ಗ್ರಾಹಕರಿಗೆ ಹಾನಿಯಾಗಿ, ಮಾಡಿದವರು ಯಾರೆಂದೇ ಗೊತ್ತಾಗದಿದ್ದರೆ ಹೊಣೆ ಮಾರಿದವರ ತಲೆಗೆ ಬರಬಹುದು. ಕಂಪನಿ ಕೊಡದ ಭರವಸೆಯನ್ನು ಅಂಗಡಿಯವರು ತಾವಾಗಿ ಕೊಟ್ಟು, ಅದು ಸುಳ್ಳಾಗಿ ಹಾನಿಯಾದರೂ ಅಷ್ಟೇ. 'ಕಿಟ್ಟ ಎಲ್ಲ ಉದುರಿಹೋಗುತ್ತೆ, ಡಾಕ್ಟರ್ ಹತ್ರ ಹೋಗೋದೇ ಬೇಡ' ಅನ್ನೋ ಮಾತು ಕೌಂಟರಿನಲ್ಲಿ ಬಾಯಿ ತಪ್ಪಿಯೂ ಬರದಿದ್ದರೆ ಒಳ್ಳೆಯದು. ಗ್ರಾಹಕರು ಕೇಳಿದರೆ 'ಅಕ್ಕ, ಇದು ಸಾನಿಕ್ ಬ್ರಷ್ಷು, ಮೆತ್ತಗಿರೋ ಪಾಚಿ ತೆಗೆಯುತ್ತೆ' ಅಂದರೆ ಸಾಕು.

ಗ್ರಾಹಕರು ಬಿಲ್ ಇಲ್ಲದೆ ಕೊಳ್ಳಬಾರದು, ವಾರಂಟಿ ಕಾರ್ಡಿಗೆ ಅಂಗಡಿ ಸೀಲು, ತಾರೀಖು ಹಾಕಿಸಿಕೊಳ್ಳಬೇಕು. ಒಮ್ಮೆ ಬಾಯಿಗಿಟ್ಟ ಬ್ರಷ್ಷನ್ನು ಅಂಗಡಿಯವರು ವಾಪಸು ತಗೊಳ್ಳೋದು ಕಷ್ಟ, ಹಾಗಾಗಿ ಡಬ್ಬಿ ಒಡೆಯುವ ಮೊದಲೇ ಅದರ ಮೇಲಿನ ಸಂಖ್ಯೆಯನ್ನು 60ರಿಂದ ಭಾಗಿಸಿ ನೋಡೋದು ಕ್ಷೇಮ. ಜಾಹೀರಾತು ದಾರಿ ತಪ್ಪಿಸಿದೆ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆಗ ಬಿಲ್ಲಿನ ಜೊತೆಗೆ 'ಅಲ್ಟ್ರಾಸಾನಿಕ್' ಎಂದು ಬರೆದ ಆ ಡಬ್ಬಿಯೂ ಬೇಕಾಗುತ್ತೆ, ಎಸೆಯಬೇಡಿ.